ಊರಿನ ಯಜಮಾನರ ಮೇಲೆ ನಂಬಿಕೆ ಇದ್ದರೆ ನಾವು ಗ್ರಾಮಸಭೆಗೆ ಹೋಗೋದು ಬೇಡವಾ?

ಹೊಸನಗರದ ಹುಡುಗ:
ನಮ್ಮ ಮಜರೆಯಲ್ಲಿ ಓಟಿನ ದಿನ ಎಷ್ಟೇ ಕೆಲಸ ಇದ್ದರೂ ಬಿಟ್ಟು ಹೋಗ್ತಾರೆ. ಗ್ರಾಮಸಭೆಗೆ ಮಾತ್ರ ಯಾರೂ ಇಲ್ಲ. ಕೇಳಿದರೆ "ಯಜಮಾನ್ರು ಹೋಗಿದಾರಲ್ಲ ಮಾರಾಯ, ಅವರೇ ಹೇಳ್ತಾರೆ" ಅಂತಾರೆ. ಯಜಮಾನರು ಒಳ್ಳೆಯವರೇ. ರಾತ್ರಿ ಯಾರಿಗೆ ಹುಷಾರಿಲ್ಲ ಅಂದರೂ ಜೀಪು ಹೊರಡಿಸ್ತಾರೆ. ಹಾಗಾಗಿಯೇ ಅವರೆದುರು ಬಾಯಿ ಬಿಡೋಕೆ ಜನಕ್ಕೆ ಸಂಕೋಚ. ಕಳೆದ ಸಭೆಯಲ್ಲಿ ಕಾಲುಸಂಕದ (ಹಳ್ಳ ದಾಟೋ ಕಿರುಸೇತುವೆಯ) ಮಾತೇ ಬರಲಿಲ್ಲ. ಮಳೆಗಾಲದಲ್ಲಿ ಕೆಳಗಿನ ಕೇರಿಯ ಮಕ್ಕಳು ಎರಡು ಅಡಿಕೆ ಮರದ ದಬ್ಬೆ ಮೇಲೆ ಹಳ್ಳ ದಾಟ್ತಾರೆ. ಯಜಮಾನರ ಮನೆಯವರು ಆ ದಾರಿಯಲ್ಲಿ ಓಡಾಡೋದಿಲ್ಲ, ನೆನಪಾಗಿರಲಿಕ್ಕಿಲ್ಲ. ಮುಖಂಡರ ಮೇಲಿನ ಗೌರವವೇ ನಮ್ಮನ್ನು ಹಿಂದೆ ಕೂರಿಸ್ತಿದೆಯಾ? ನಿಮ್ಮ ಕಡೆ ಹೇಗೆ?

ಸಾಗರದಿಂದ:
ಗೌರವದ ಮೇಲೆ ತಪ್ಪು ಹೊರಿಸಬೇಡಿ. ನಮ್ಮ ತಾಲೂಕಿನ ಕಾಗೋಡು ಹಳ್ಳಿಯನ್ನೇ ನೋಡಿ. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಶುರುವಾದದ್ದು 1951ರಲ್ಲಿ ಸತ್ಯಾಗ್ರಹ ಆಯ್ತು. ಹೋರಾಟದ ಮುಖಂಡರಾದ ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಅಂದರೆ ಜನಕ್ಕೆ ಪ್ರಾಣ. ಸಮಾಜವಾದಿ ನಾಯಕ ಲೋಹಿಯಾ ಕೂಡ ಬಂದು ಬಂಧನವಾದರು. ಆದರೆ ಗೇಣಿದಾರರೂ ತಾವೇ ಗದ್ದೆಗೆ ಇಳಿದರು, ಜೈಲಿಗೆ ಹೋದರು. ಮಾರನೇ ವರ್ಷ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. "ನೀವೂ ಬನ್ನಿ" ಅನ್ನೋ ಮುಖಂಡ ಬೇರೆ, "ನಾನು ನೋಡ್ಕೋತೀನಿ" ಅನ್ನೋ ಮುಖಂಡ ಬೇರೆ.

ಮಾಜಿ ಸದಸ್ಯೆ, ತೀರ್ಥಹಳ್ಳಿ:
ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಮುಖ ನೋಡಿಯೇ ಓಟು. ಯಜಮಾನರು ಯಾರ ಪರ ಅಂದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತೆ. ನಾನೂ ಮೀಸಲಾತಿಯಲ್ಲಿ ಹಾಗೇ ಗೆದ್ದೆ. ಮೊದಮೊದಲು ಸಭೆಯಲ್ಲಿ ನನ್ನ ಬದಲು ಬೇರೆಯವರೇ ಮಾತಾಡ್ತಿದ್ದರು. ವಾರ್ಡ್ ಸಭೆಯನ್ನು ಕೇರಿಯ ಅಂಗಳದಲ್ಲೇ ಇಟ್ಟ ಮೇಲೆ ಹೆಂಗಸರು ತಾವಾಗಿ ನೀರು, ದಾರಿದೀಪ ಎಲ್ಲ ಕೇಳೋಕೆ ಶುರು ಮಾಡಿದರು. ತಮ್ಮಾ, ನೀನೂ ನಿಮ್ಮ ಸದಸ್ಯರಿಗೆ ಹೇಳಿ ಅಲ್ಲೇ ಮಾಡಿಸು. ಸಂಕದ ವಿಷಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಚಾ ಕುಡಿದು ಖಾಲಿ ಹಾಳೆಗೆ ಸಹಿ ಹಾಕಿ ಬರೋದು ಬೇಡವೇ ಬೇಡ.

ಹೊಸನಗರದ ಹುಡುಗ:
ಸರಿ ಅಕ್ಕಾ. ಯಜಮಾನರಿಗೂ ಮೊದಲೇ ಮನೆಗೆ ಹೋಗಿ ಹೇಳ್ತೀನಿ, ಬೆನ್ನ ಹಿಂದೆ ಮಾಡಿದ ಹಾಗೆ ಆಗಬಾರದು. ಮಕ್ಕಳ ಅಮ್ಮಂದಿರನ್ನೇ ಮಾತಾಡಿಸಬೇಕು ಅಂತಿದೀನಿ. ಅರ್ಜಿ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಕೊಡೋದಾ, ಸದಸ್ಯರಿಗಾ?

ಮಾಜಿ ಸದಸ್ಯೆ, ತೀರ್ಥಹಳ್ಳಿ:
ಇಬ್ಬರಿಗೂ ಕೊಡು. ಪಂಚಾಯ್ತಿಯಲ್ಲಿ ಸೀಲು ಹಾಕಿಸಿದ ಒಂದು ಪ್ರತಿ ನಿನ್ನ ಹತ್ತಿರ ಇರಲಿ.