2019ರ ನೆರೆ ಗುರುತು ನೋಡಿ ಮನೆಯ ಪಂಚಾಂಗ (ಅಡಿಪಾಯದ ಕಟ್ಟೆ) ಎಷ್ಟು ಎತ್ತರ ಹಾಕಬೇಕು?

ಹೊಳೆಬದಿಯವ:
ನಮ್ಮ ಮನೆ ಅಘನಾಶಿನಿ ದಡದಲ್ಲಿ, ದಿವಗಿಗೂ ಉಪ್ಪಿನಪಟ್ಟಣಕ್ಕೂ ನಡುವೆ. ಹಳೆ ಮನೆ ಕೆಡವಿ ಚಿರೆಕಲ್ಲಿನ ಮನೆ ಕಟ್ಟಬೇಕು ಅಂತ ಹೊರಟಿದ್ದೇವೆ. ಹೋದ ವಾರ ನೆರೆಯ ಬಗ್ಗೆ ಸಂಶೋಧನೆ ಮಾಡುವ ಒಬ್ಬರು ಹೆಣ್ಣುಮಗಳು ಬಂದಿದ್ದರು. ಮೂರು ಕಾಲಿನ ಯಂತ್ರ ನಿಲ್ಲಿಸಿ, ನನ್ನ ಕೈಗೆ ಅಳತೆ ಕೋಲು ಕೊಟ್ಟು, 2019ರಲ್ಲಿ ನೀರು ಎಲ್ಲಿವರೆಗೆ ಬಂತು, ಎಷ್ಟು ಹೊತ್ತಿಗೆ ಏರಿತು, ಯಾವಾಗ ಇಳಿಯಿತು ಅಂತ ಆಯಿಯನ್ನು ಒಂದು ತಾಸು ಕೇಳಿದರು. ಆಯಿ ಚಾ ಕೊಟ್ಟು, "ತಂಗಿ, ನೀರು ಬಂದಾಗ ನಾವು ಗಡಿಯಾರ ನೋಡ್ತಾ ಕೂತಿರ್ಲಿಲ್ಲ" ಅಂದಳು.

ಮೇಸ್ತ್ರಿ ಹೇಳೋದು ಬೇರೆ. ಅದು ನೂರು ವರ್ಷಕ್ಕೊಮ್ಮೆ ಬರುವ ನೆರೆಯಂತೆ, ಬಂದು ಹೋಯಿತಂತೆ, ಇನ್ನು ಎರಡು ಅಡಿ ಪಂಚಾಂಗ ಸಾಕಂತೆ. ನಮ್ಮ ಹೊಳೆಗೆ ಅಣೆಕಟ್ಟೂ ಇಲ್ಲ, ಬಿದ್ದ ಮಳೆ ಹರಿದು ಬರುತ್ತದೆ ಅಷ್ಟೇ, ಅಲ್ವಾ? ಇದರಲ್ಲಿ ಲೆಕ್ಕ ಹಾಕೋಕೆ ಏನಿದೆ?

ಕದ್ರಾ ಕೆಳಗಿನವ:
ಅಣೆಕಟ್ಟಿಲ್ಲ ಅಂತ ಬೇಜಾರಾ ಮಾರಾಯ್ರೆ? ನಮಗೆ ಕಾಳಿ ಹೊಳೆಯಲ್ಲಿ ಮೇಲೆ ಸೂಪಾ, ಕೊಡಸಳ್ಳಿ, ಕೊನೆಗೆ ಕದ್ರಾ. ನಮ್ಮೂರಲ್ಲಿ ಮಳೆ ನಿಂತು ಬಿಸಿಲು ಬಂದಿದ್ದರೂ ಗೇಟು ತೆಗೆದರೆ ತೋಟಕ್ಕೆ ನೀರು. ನಮ್ಮ ಅಜ್ಜ ಆಕಾಶ ನೋಡುತ್ತಿದ್ದರು, ನಾವು ಮೊಬೈಲ್ ನೋಡುತ್ತೇವೆ. ಎರಡು ಅಡಿ ಮಾತ್ರ ಬೇಡ, ಒಮ್ಮೆ ಕೆಸರು ಬಾಚಿದವನ ಮಾತು ಕೇಳಿ.

ಬೆಟ್ಟದ ಮೇಲಿನವ, ಶಿರಸಿ:
ನಿಮ್ಮ ಹೊಳೆ ಹುಟ್ಟೋದು ನಮ್ಮ ಶಂಕರ ಹೊಂಡದಲ್ಲಿ. ಬಿದ್ದ ಮಳೆಯೆಲ್ಲ ಹಾಗೇ ಬರುತ್ತದೆ ಅನ್ನೋದು ತಪ್ಪು. ಜೂನ್ ಮೊದಲ ವಾರ ಎಷ್ಟು ಹೊಡೆದರೂ ನಮ್ಮ ತೋಟದ ಹಳ್ಳ ಕಾಲು ಮುಳುಗುವಷ್ಟು ಮಾತ್ರ, ನೆಲ ಕುಡಿಯುತ್ತದೆ. ಆಗಸ್ಟ್ ಹೊತ್ತಿಗೆ ನೆಲದ ಹೊಟ್ಟೆ ತುಂಬಿರುತ್ತದೆ, ಅದರ ಅರ್ಧ ಮಳೆ ಬಂದರೂ ಹಳ್ಳ ದಾಟುವ ಸಂಕ ಮುಳುಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಇರುವ ಕಡೆ ನೀರು ಇಂಗುತ್ತದೆ, ದನ ತುಳಿದು ಬೋಳಾದ ಕಡೆ ಕೆಂಪಾಗಿ ಓಡುತ್ತದೆ. ಛತ್ರಿ ಹಿಡಿದು ನಿಂತರೆ ಕಣ್ಣಿಗೇ ಕಾಣುತ್ತದೆ.

ಮಳೆಲೆಕ್ಕ:
ಆ ಮೂರು ಕಾಲಿನ ಯಂತ್ರ ತಂದವಳು ನಾನೇ. ಆಯಿಯ ಚಾ ಚೆನ್ನಾಗಿತ್ತು.

ಮೊದಲು ಮೇಸ್ತ್ರಿಯ ಮಾತು. ನೂರು ವರ್ಷದ ನೆರೆ ಅಂದರೆ ನೂರು ವರ್ಷಕ್ಕೆ ರಜೆ ಅಂತಲ್ಲ. ಪ್ರತಿ ಮಳೆಗಾಲಕ್ಕೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ. ಹೋದ ವರ್ಷ ಬಂದಿದ್ದರೂ ಈ ವರ್ಷ ಅಷ್ಟೇ ಸಾಧ್ಯತೆ. ಹೊಸ ಮನೆಯಲ್ಲಿ 30 ವರ್ಷ ಇರುತ್ತೀರಿ ಅಂದುಕೊಳ್ಳಿ, ಅಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26. ಮತ್ತೆ 2019ರದ್ದು ನೂರು ವರ್ಷದ್ದೇ ಅಂತ ಮೇಸ್ತ್ರಿಗೆ ಯಾರು ಹೇಳಿದರೋ.

ಲೆಕ್ಕ ಯಾಕೆ ಅಂದರೆ, ಒಂದು ಚದರ ಕಿ.ಮೀ. ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು 10 ಕೋಟಿ ಲೀಟರ್ ನೀರು. ಎಷ್ಟು ಇಂಗಿತು, ಉಳಿದದ್ದು ಎಷ್ಟು ತಾಸಿಗೆ ನಿಮ್ಮ ಅಂಗಳಕ್ಕೆ ಬಂತು ಅನ್ನೋದೇ ನನ್ನ ಕೆಲಸ. ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಆದರೆ ನಮಗೆ ಪುಕ್ಕಟೆ ಸಿಗುವ ಉಪಗ್ರಹದ ಎತ್ತರದ ನಕ್ಷೆಯಲ್ಲಿ ಒಂದೊಂದು ಚೌಕ 30 ಮೀಟರ್. ನಿಮ್ಮ ಮನೆ, ತೋಟ, ದಡ ಎಲ್ಲ ಅದೇ ಒಂದು ಚೌಕದೊಳಗೆ. ಸಾಲದ್ದಕ್ಕೆ ಕೆಲವು ಕಡೆ ಮರದ ತಲೆಯನ್ನೇ ನೆಲ ಅಂದುಕೊಳ್ಳುತ್ತದೆ! ಹಾಗಾಗಿ ಗೋಡೆ ಮೇಲಿನ ಕೆಸರಿನ ಗೆರೆ ನನಗೆ ಬಂಗಾರ.

ಈಗ ಮುಖ್ಯ ವಿಷಯ. ನೀರು ನಾಗರ ಪಂಚಮಿ ಕಳೆದ ಮೇಲೆ ಏರಿತು ಅಂತ ಆಯಿ ಹೇಳಿದರು. ಆ ವರ್ಷ ಪಂಚಮಿ ಆಗಸ್ಟ್ 5ಕ್ಕೆ. ಅಂದರೆ ನೀರು ಬಂದದ್ದು ಅಷ್ಟಮಿ ಆಸುಪಾಸು, ಸಮುದ್ರದ ಭರತಿ ತೀರಾ ಕಡಿಮೆ ಇರುವ ದಿನಗಳು. ನಿಮ್ಮಲ್ಲಿವರೆಗೂ ಭರತಿ ಬರುತ್ತದೆ. ಅದೇ ಮಳೆ ಒಂದು ವಾರ ತಡವಾಗಿ, ಹುಣ್ಣಿಮೆಯ ದೊಡ್ಡ ಭರತಿಯ ಹೊತ್ತಿಗೆ ಬಿದ್ದಿದ್ದರೆ? ಹೊಳೆಗೆ ಇಳಿಯೋಕೆ ಜಾಗ ಇನ್ನೂ ಕಡಿಮೆ. ಅದಕ್ಕೇ 2019ರ ಗೆರೆಯನ್ನು ಕೊನೆಯ ಗೆರೆ ಅಂತ ತಿಳಿಯಬೇಡಿ. ಹೊಸ ನೆಲ ಅದಕ್ಕಿಂತ ಎರಡು ಅಡಿಯಾದರೂ ಮೇಲಿರಲಿ. ಕರೆಂಟಿನ ಬೋರ್ಡು ಇನ್ನೂ ಮೇಲೆ. ಅಂಗಳಕ್ಕೆಲ್ಲ ಮಣ್ಣು ತುಂಬಿಸಬೇಡಿ, ನೀರು ಪಕ್ಕದ ಮನೆಗೆ ಹೋಗುತ್ತದೆ, ಜಗಳ ಆಮೇಲೆ ನಿಮ್ಮದು.

ಒಂದು ಸಹಾಯ ಬೇಕು. ಹೊರಗಿನ ಗೋಡೆಗೆ ಬಣ್ಣ ಹೊಡೆದಿದ್ದೀರಿ, ನಾನು ಅಳೆದದ್ದು ಆಯಿ ಕೈಯಲ್ಲಿ ತೋರಿಸಿದ ಎತ್ತರ ಅಷ್ಟೇ. ಕೆಡವುವ ಮೊದಲು ಒಳಗೆ ಎಲ್ಲಾದರೂ ಗೆರೆ ಉಳಿದಿದೆಯಾ ನೋಡುತ್ತೀರಾ?

ಹೊಳೆಬದಿಯವ:
ನೋಡಿದೆ ಮೇಡಂ. ದೇವರ ಕೋಣೆಯ ಬಾಗಿಲ ಹಿಂದೆ ಬಣ್ಣ ಹೊಡೆಯೋದು ಬಿಟ್ಟಿದ್ದರು, ಅಲ್ಲಿ ಗೆರೆ ಇನ್ನೂ ಇದೆ. ಹೊಸಿಲಿನಿಂದ 3 ಅಡಿ 4 ಇಂಚು. ಆಯಿ ಕೈಯಲ್ಲಿ ತೋರಿಸಿದ್ದಕ್ಕಿಂತ ಅರ್ಧ ಅಡಿ ಜಾಸ್ತಿ. ಅವಳಿಗೆ ಹೇಳಿದರೆ "ನಾ ಆಗ ಮಂಚದ ಮೇಲೆ ನಿಂತಿದ್ದೆ, ಕಡಿಮೆ ಕಂಡಿರಬೇಕು" ಅನ್ನುತ್ತಾಳೆ. ಮೇಸ್ತ್ರಿಯನ್ನು ಭಾನುವಾರ ಕರೆದಿದ್ದೇನೆ. ಅಲ್ಲಿವರೆಗೆ ಆ ಬಾಗಿಲು ತೆಗೆಸುವುದಿಲ್ಲ, ಬಂದು ಅಳೆದುಕೊಂಡು ಹೋಗಿ.