ಕ್ರೀಡಾ ವೈದ್ಯರನ್ನು ಕೇಳಿ: ಕೆಮ್ಮಿನ ಸಿರಪ್, ಪ್ರೋಟೀನ್ ಡಬ್ಬಿ, ಕೋಚ್ ಕೊಡುವ ಇಂಜೆಕ್ಷನ್

ಡಾಕ್ಟರ್: ಅಂತರ ವಿಶ್ವವಿದ್ಯಾಲಯ ಕೂಟಗಳು ಹತ್ತಿರ ಬಂದಿವೆ. ಉದ್ದೀಪನ ಮದ್ದಿನ ಬಗ್ಗೆ ಯಾವ ಅನುಮಾನ ಇದ್ದರೂ ಈ ವಾರ ಇಲ್ಲೇ ಕೇಳಿ. ಇದು ಒಲಿಂಪಿಕ್ಸ್‌ಗೆ ಹೋಗುವವರ ವಿಷಯ, ನಮಗೇಕೆ ಅಂತ ಬಿಡಬೇಡಿ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟಕ್ಕೂ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಬರುತ್ತದೆ. 2023ರಲ್ಲಿ ನಮ್ಮ ದೇಶದಲ್ಲಿ ನಾಡಾ 5,606 ಸ್ಯಾಂಪಲ್ ಪರೀಕ್ಷೆ ಮಾಡಿಸಿತು. ಅದರಲ್ಲಿ 213 ಸ್ಯಾಂಪಲ್‌ಗಳಲ್ಲಿ ನಿಷೇಧಿತ ವಸ್ತು ಸಿಕ್ಕಿತು.

ಪ್ರಶ್ನೆ (ಹರ್ಡಲ್ಸ್ ಓಟಗಾರ್ತಿ, ಹಾಸನ): ಮೇಡಂ, ಒಂದು ವಾರದಿಂದ ಕೆಮ್ಮು. ಮೆಡಿಕಲ್ ಶಾಪಿನವರು ಒಂದು ಸಿರಪ್ ಕೊಟ್ಟರು. ಮನೆಯಲ್ಲಿ ಎಲ್ಲರೂ ಅದನ್ನೇ ಕುಡಿಯುವುದು. ಕೆಮ್ಮಿನ ಔಷಧಿಗೂ ಭಯಪಡಬೇಕಾ?

ಉತ್ತರ: ಹೌದಮ್ಮ, ಮೊದಲು ನೋಡಬೇಕಾದದ್ದೇ ಅದನ್ನು. ಬಾಟಲಿ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದು. 'ಟರ್ಬುಟಲಿನ್' ಅಂತ ಇದ್ದರೆ ಮುಟ್ಟಬೇಡ. ಕಫ ಕರಗಿಸಲು ಕೊಡುವ ಎಷ್ಟೋ ಸಿರಪ್‌ಗಳಲ್ಲಿ ಅದು ಇರುತ್ತದೆ. ಸ್ಪರ್ಧೆ ಇರಲಿ, ಇಲ್ಲದಿರಲಿ, ವರ್ಷವಿಡೀ ಅದಕ್ಕೆ ನಿಷೇಧ ಇದೆ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಸಿಕ್ಕಿಬಿದ್ದದ್ದು ಇದೇ ವಸ್ತುವಿನಿಂದ. ಆಗ ಅವರಿಗೆ 19 ವರ್ಷ, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಕೆಮ್ಮಿನ ಸಿರಪ್ ಕುಡಿದೆ ಅಂದರು. ಬಿಸಿಸಿಐ ಅವರ ಮಾತನ್ನು ಒಪ್ಪಿಕೊಂಡಿತು. ಆದರೂ 8 ತಿಂಗಳ ನಿಷೇಧ ತಪ್ಪಲಿಲ್ಲ.

ಸಾಲ್ಬುಟಮಾಲ್ ಇರುವ ಸಿರಪ್, ಮಾತ್ರೆಯೂ ಬೇಡ. ಉಬ್ಬಸ ಇರುವವರು ಅದರ ಇನ್‌ಹೇಲರ್ ಬಳಸಬಹುದು, ಅದಕ್ಕೂ ಮಿತಿ ಇದೆ: 24 ಗಂಟೆಯಲ್ಲಿ 1,600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600ಕ್ಕಿಂತ ಜಾಸ್ತಿ ಆಗಬಾರದು. ಒಂದು ಪಫ್‌ಗೆ 100 ಮೈಕ್ರೋಗ್ರಾಂ ಬರುವ ಇನ್‌ಹೇಲರ್ ಆದರೆ 8 ಗಂಟೆಗೆ 6 ಪಫ್. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ತಗೊಳ್ಳಬಹುದು, ತೊಂದರೆಯಿಲ್ಲ. ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇದೆಯಾ ನೋಡು. ಸ್ಪರ್ಧೆಯ ಹೊತ್ತಿನಲ್ಲಿ ಮೂತ್ರದಲ್ಲಿ ಅದು ಮಿತಿ ಮೀರಿದರೆ ಕಷ್ಟ. 'ಸ್ಪರ್ಧೆಯ ಹೊತ್ತು' ಅಂದರೆ ಓಟದ ಸಮಯ ಮಾತ್ರ ಅಲ್ಲ, ಹಿಂದಿನ ರಾತ್ರಿ 11:59ಕ್ಕೇ ಅದು ಶುರು.

ಡಾಕ್ಟರ ಹತ್ತಿರ ಹೋದಾಗ ಮೊದಲ ಮಾತೇ ಇದಾಗಿರಲಿ: 'ನಾನು ಅಥ್ಲೀಟ್, ನನಗೆ ಡೋಪ್ ಟೆಸ್ಟ್ ಆಗಬಹುದು.' ಎಂಬಿಬಿಎಸ್ ಓದುವಾಗ ಈ ನಿಷೇಧಿತ ವಸ್ತುಗಳ ಪಟ್ಟಿಯನ್ನು ನಮಗೆ ಯಾರೂ ಕಲಿಸುವುದಿಲ್ಲ. ಹಾಗಾಗಿ ನೀನೇ ಕೇಳಬೇಕು.

ಪ್ರಶ್ನೆ (ಅದೇ ಓಟಗಾರ್ತಿ): ಗೊತ್ತಿಲ್ಲದೆ ಕುಡಿದರೂ ತಪ್ಪಾ ಮೇಡಂ?

ಉತ್ತರ: ನಿಯಮದ ಪ್ರಕಾರ ತಪ್ಪೇ. ನಿನ್ನ ದೇಹದಲ್ಲಿ ಏನು ಸಿಕ್ಕಿದರೂ ಹೊಣೆ ನಿನ್ನದು. ಹೇಗೆ ಬಂತು ಅನ್ನುವುದನ್ನು ತೋರಿಸಿಕೊಟ್ಟರೆ ಶಿಕ್ಷೆ ಕಡಿಮೆ ಆಗಬಹುದು. ಅದಕ್ಕೇ ಚೀಟಿ, ಬಿಲ್, ಬಾಟಲಿಯ ಫೋಟೋ ಇಟ್ಟುಕೋ. ಹಳ್ಳಿಯಿಂದ ಬಂದ ಮಕ್ಕಳಿಗೆ ಈ ನಿಯಮ ಕಠಿಣ ಅಂತ ನನಗೂ ಅನಿಸುತ್ತದೆ. ಆದರೆ 'ಗೊತ್ತಿರಲಿಲ್ಲ' ಅಂದರೆ ಸಾಕು ಅಂತಾದರೆ ಎಲ್ಲರೂ ಅದನ್ನೇ ಹೇಳುತ್ತಾರೆ, ಅಲ್ವಾ?

ಪ್ರಶ್ನೆ (ಕಬಡ್ಡಿ ಆಟಗಾರನ ತಂದೆ, ಮಂಡ್ಯ): ಮಗ ಜಿಮ್‌ನಲ್ಲಿ ಹೇಳಿದರು ಅಂತ ಪ್ರೋಟೀನ್ ಪುಡಿ, ಪ್ರೀ-ವರ್ಕೌಟ್ ಅಂತ ಇನ್ನೊಂದು ಡಬ್ಬಿ ತಂದಿದ್ದಾನೆ. ನಾಡಾ ಅಪ್ರೂವ್ಡ್ ಅಂತ ಅಂಗಡಿಯವರು ಹೇಳಿದರಂತೆ. ಕುಡಿಯಲಿ ಅನ್ನಲಾ, ಬೇಡ ಅನ್ನಲಾ?

ಉತ್ತರ: ಅಣ್ಣ, ನಾಡಾ ಯಾವ ಡಬ್ಬಿಗೂ ಒಪ್ಪಿಗೆ ಕೊಡುವುದಿಲ್ಲ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಕೂಡ ಕೊಡುವುದಿಲ್ಲ. ಹಾಗೆ ಹೇಳಿ ಮಾರುವವರಲ್ಲಿ ಏನೂ ಕೊಳ್ಳಬೇಡಿ. ವ್ಯಾಯಾಮಕ್ಕೆ ಮುಂಚೆ ಚುರುಕಿಗೆ ಅಂತ ಕುಡಿಯುವ ಆ ಪ್ರೀ-ವರ್ಕೌಟ್ ಡಬ್ಬಿಯನ್ನು ಇವತ್ತೇ ನಿಲ್ಲಿಸಿ. ಅದರಲ್ಲಿ ಬರೀ ಕೆಫೀನ್ ಇದ್ದರೆ ನಿಷೇಧವಿಲ್ಲ. ಆದರೆ ಚೀಟಿಯಲ್ಲಿ ಬರೆಯದ ಉತ್ತೇಜಕಗಳು ಸೇರಿರುವುದು ಇಂಥ ಪುಡಿಗಳಲ್ಲೇ ಹೆಚ್ಚು.

2011ರಲ್ಲಿ ನಮ್ಮ 4x400 ರಿಲೇ ಓಟಗಾರ್ತಿಯರು ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ನೆನಪಿದೆಯಾ? ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯೂ ಅದರಲ್ಲಿದ್ದರು. ಹಿಂದಿನ ವರ್ಷವಷ್ಟೇ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದವರು. ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯಿಂದ ಬಂತು ಎಂದು ವಾದಿಸಿದರು. ಮೊದಲು 1 ವರ್ಷ ನಿಷೇಧವಾಯಿತು. ಆಮೇಲೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು 2 ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ನಿಮ್ಮ ಮಗನಿಗೆ ಮೊಟ್ಟೆ, ಹಾಲು, ಮೊಳಕೆ ಕಾಳು, ಕೋಳಿ ಹೊಟ್ಟೆ ತುಂಬ ಸಿಗುತ್ತಿದ್ದರೆ ಆ ಪುಡಿ ಬೇಕಿಲ್ಲ. ತಗೊಳ್ಳಲೇಬೇಕು ಅಂತಾದರೆ ಪ್ರತಿ ಬ್ಯಾಚನ್ನೂ ಬೇರೆ ಲ್ಯಾಬಿನಲ್ಲಿ ಪರೀಕ್ಷಿಸಿದ ಬ್ರ್ಯಾಂಡ್ ನೋಡಿ, ಸೀಲ್ ಇದ್ದದ್ದನ್ನೇ ತನ್ನಿ. ಅಪಾಯ ಕಡಿಮೆ ಆಗುತ್ತದೆ ಅಷ್ಟೇ, ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ (ಕುಸ್ತಿಪಟು, ಬೆಳಗಾವಿ): ಆಯುರ್ವೇದದ್ದು ತಗೊಳ್ಳಬಹುದಲ್ವಾ ಮೇಡಂ?

ಉತ್ತರ: ಕಣ್ಣುಮುಚ್ಚಿ ತಗೊಳ್ಳಬೇಡಿ. ಕಾಸರಕನ ಬೀಜ ಸೇರಿಸಿ ಮಾಡುವ ಔಷಧಿಗಳಿವೆ. ಅದರಲ್ಲಿ ಸ್ಟ್ರಿಕ್ನಿನ್ ಇದೆ, ಸ್ಪರ್ಧೆಯ ಹೊತ್ತಿನಲ್ಲಿ ಅದಕ್ಕೆ ನಿಷೇಧ. ಸೋಮಲತೆ ಜಾತಿಯ ಗಿಡಗಳಲ್ಲಿ ಎಫೆಡ್ರಿನ್ ಇರುತ್ತದೆ, ಸ್ಪರ್ಧೆಯ ಹೊತ್ತಿನಲ್ಲಿ ಮಿತಿ ಮೀರಿದರೆ ಅದೂ ತಪ್ಪು. ಇನ್ನೊಂದು ಮಾತು, ನೀವು ಕುಸ್ತಿಯವರು ಅಂತ ಹೇಳುತ್ತಿದ್ದೇನೆ. ತೂಕ ಇಳಿಸಲು ನೀರು ಹೋಗಿಸುವ ಮಾತ್ರೆ ನುಂಗಬೇಡಿ. ಫ್ಯೂರೋಸೆಮೈಡ್‌ನಂಥವು ವರ್ಷವಿಡೀ ನಿಷೇಧ. ಜೀವಕ್ಕೂ ಅಪಾಯ.

ಪ್ರಶ್ನೆ (ಹೆಸರು ಬೇಡ): ಮೇಡಂ, ನಮ್ಮ ಕೋಚ್ ಮೂವರಿಗೆ ವಿಟಮಿನ್ ಅಂತ ಇಂಜೆಕ್ಷನ್ ಕೊಡುತ್ತಿದ್ದಾರೆ. ಹೆಸರು ಕೇಳಿದರೆ 'ನಂಬಿಕೆ ಇಲ್ವಾ' ಅಂತಾರೆ. ಬೇಡ ಅಂದರೆ ಟೀಮಿನಿಂದ ತೆಗೆಯುತ್ತಾರೆ ಅಂತ ಭಯ. ಧ್ವನಿ ಸ್ವಲ್ಪ ಗಡಸಾಗಿದೆ, ಮುಟ್ಟು ಏರುಪೇರಾಗಿದೆ.

ಉತ್ತರ: ನೀನು ಕೇಳಿದ್ದು ತುಂಬ ಒಳ್ಳೆಯದಾಯಿತು ಮಗಳೇ. ಮುಂದಿನ ಇಂಜೆಕ್ಷನ್ ಹಾಕಿಸಿಕೊಳ್ಳಬೇಡ. ನೀನು ಹೇಳಿದ ಲಕ್ಷಣ ವಿಟಮಿನ್‌ನಿಂದ ಬರುವುದಿಲ್ಲ. ಹುಡುಗಿಯರಿಗೆ ಗಂಡು ಹಾರ್ಮೋನಿನಂಥ ಸ್ಟೆರಾಯ್ಡ್ ಕೊಟ್ಟಾಗ ಹೀಗಾಗುತ್ತದೆ. ಒಮ್ಮೆ ಪೂರ್ತಿ ಬದಲಾದ ಧ್ವನಿ ಬಿಟ್ಟ ಮೇಲೂ ಹಿಂದಕ್ಕೆ ಬರುವುದು ಕಷ್ಟ. ಅದಕ್ಕೇ ಈಗಲೇ ನಿಲ್ಲಿಸು ಅನ್ನುತ್ತಿದ್ದೇನೆ. ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಬಾ. ಲಿವರ್, ಹಾರ್ಮೋನ್ ರಕ್ತಪರೀಕ್ಷೆ ಮಾಡಿಸೋಣ. ಒಂದೇ ಸೂಜಿ ಮೂವರಿಗೂ ಬಳಸಿದ್ದರೆ ಹೆಪಟೈಟಿಸ್, ಎಚ್‌ಐವಿ ಪರೀಕ್ಷೆಯೂ ಬೇಕು. ಬೈಯುವವರು ಯಾರೂ ಇಲ್ಲ.

ಸೀಸೆಯ ಫೋಟೋ, ಕೋಚ್ ಕಳಿಸಿದ ಮೆಸೇಜ್ ಏನಾದರೂ ಇದ್ದರೆ ಅಳಿಸಬೇಡ. ಆಟಗಾರರಿಗೆ ನಿಷೇಧಿತ ವಸ್ತು ಕೊಡುವುದು ಬೇರೆಯದೇ ಅಪರಾಧ. ಅದಕ್ಕೆ ಕೋಚ್‌ಗೆ 4 ವರ್ಷದಿಂದ ಆಜೀವ ನಿಷೇಧದವರೆಗೆ ಆಗಬಹುದು. ನಾಡಾಕ್ಕೆ ಗುಟ್ಟಾಗಿ ತಿಳಿಸಬಹುದು. ತಾವಾಗಿ ಬಂದು ಹೇಳಿದವರಿಗೆ ಶಿಕ್ಷೆ ಇಳಿಸಲು ನಿಯಮದಲ್ಲೇ ಅವಕಾಶ ಇದೆ. ಸುಮ್ನೆ ಇದ್ದು ಟೆಸ್ಟ್‌ನಲ್ಲಿ ಸಿಕ್ಕಿದರೆ ಸ್ಟೆರಾಯ್ಡ್‌ಗೆ 4 ವರ್ಷದ ನಿಷೇಧ ಆಗಬಹುದು. ಅಷ್ಟರಲ್ಲಿ ನಿನ್ನ ಡಿಗ್ರಿ ಮುಗಿದಿರುತ್ತದೆ. ನಿನ್ನ ಜೊತೆಯ ಇಬ್ಬರಿಗೂ ನನ್ನ ನಂಬರ್ ಕೊಡು.

ಉಳಿದವರಿಗೂ ಒಂದು ಮಾತು: ಸುಸ್ತು ಅಂತ ರೂಮಿನಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವ ರೂಢಿ ಬಿಡಿ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟರೆ 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ಡ್ರಿಪ್ ಹಾಕಿಸುವಂತಿಲ್ಲ, ಒಳಗೆ ಬರೀ ನೀರು-ಸಕ್ಕರೆ ಇದ್ದರೂ.

ಪ್ರಶ್ನೆ (ಲಾಂಗ್ ಜಂಪ್, ಶಿವಮೊಗ್ಗ): ಟೆಸ್ಟ್ ಮಾಡುವಾಗ ಯಾರೋ ನೋಡುತ್ತಾ ನಿಲ್ಲುತ್ತಾರಂತೆ. ನನಗೆ ಅದೇ ನಾಚಿಕೆ, ಭಯ. ಹೋಗದೆ ಇರಬಹುದಾ?

ಉತ್ತರ: ಹೋಗದೆ ಇದ್ದರೆ ಅದೇ ಅಪರಾಧ. ಸಿಕ್ಕಿಬಿದ್ದವರಿಗೆ ಆಗುವಷ್ಟೇ ಶಿಕ್ಷೆ ಆಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಕೂಟಕ್ಕೆ ನಾಡಾ ಬಂದಿದೆ ಅಂತ ಸುದ್ದಿಯಾದಾಗ ಪುರುಷರ 100 ಮೀಟರ್ ಫೈನಲ್‌ಗೆ ಒಬ್ಬನೇ ಬಂದು ನಿಂತ. ಶುದ್ಧವಾಗಿ ಓಡುವವರಿಗೂ ಅದರಿಂದ ಕೆಟ್ಟ ಹೆಸರು.

ಹುಡುಗಿಯರ ಜೊತೆ ಹೆಂಗಸೇ ಇರುತ್ತಾರೆ. ನಿನ್ನ ಕಡೆಯವರೊಬ್ಬರನ್ನು ಡೋಪ್ ಕಂಟ್ರೋಲ್ ಕೋಣೆಗೆ ಕರೆದುಕೊಂಡು ಹೋಗಬಹುದು. ಸೀಲ್ ಆಗಿರುವ ಕಿಟ್ ನೀನೇ ಆರಿಸಬೇಕು. ಕನಿಷ್ಠ 90 ಮಿ.ಲೀ. ಮೂತ್ರ ಬೇಕು. ಎ (ಮೊದಲ ಪರೀಕ್ಷೆಗೆ) ಮತ್ತು ಬಿ (ಮರುಪರೀಕ್ಷೆಗೆ) ಬಾಟಲಿಗಳಿಗೆ ಸುರಿದು ಮುಚ್ಚುವವಳೂ ನೀನೇ. ಮುಟ್ಟಾಗಿದ್ದರೂ ತೊಂದರೆ ಇಲ್ಲ. ಗಾಬರಿಯಲ್ಲಿ ನೀರು ಜಾಸ್ತಿ ಕುಡಿಯಬೇಡ, ಮೂತ್ರ ತೆಳುವಾದರೆ ಮತ್ತೆ ಕಾಯಬೇಕು. ಕಳೆದ 7 ದಿನ ತಗೊಂಡ ಮಾತ್ರೆ, ಪುಡಿ ಎಲ್ಲ ಫಾರಂನಲ್ಲಿ ಬರೆಸು. ಸಹಿ ಮಾಡುವ ಮುಂಚೆ ಓದು, ಪ್ರತಿ ಕೇಳಿ ಪಡೆ.

ಪ್ರಶ್ನೆ (ದೈಹಿಕ ಶಿಕ್ಷಣ ನಿರ್ದೇಶಕರು, ಪದವಿ ಕಾಲೇಜು, ದಕ್ಷಿಣ ಕನ್ನಡ): ಡಾಕ್ಟರೇ, ನಮ್ಮಲ್ಲಿ ಒಂದು ಅರಿವು ಕಾರ್ಯಕ್ರಮ ಮಾಡಬೇಕು ಅಂತಿದ್ದೇವೆ. ಹೇಗೆ ಮಾಡಿದರೆ ಉಪಯೋಗ?

ಉತ್ತರ: ಸರ್, ದಯವಿಟ್ಟು ವೇದಿಕೆ, ಹಾರ, ಇಂಗ್ಲಿಷ್ ಸ್ಲೈಡು ಬೇಡ. ಇಪ್ಪತ್ತು ಮಕ್ಕಳನ್ನು ನೆಲದ ಮೇಲೆ ಕೂರಿಸಿ. ಹಾಸ್ಟೆಲ್ ರೂಮಿನಲ್ಲಿರುವ ಮಾತ್ರೆ, ಸಿರಪ್, ಡಬ್ಬಿ ಎಲ್ಲ ತರಲಿ. ಒಂದೊಂದರ ಹೆಸರು ಓದಿ, ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಅವರ ಕೈಯಲ್ಲೇ ಹುಡುಕಿಸಿ. ಕಾಲೇಜಿನ ಎದುರಿನ ಮೆಡಿಕಲ್ ಶಾಪಿನವರನ್ನೂ ಕರೆಯಿರಿ. ಮೊದಲ ವರ್ಷದ ಸೆಲೆಕ್ಷನ್ ಮುಗಿದ ವಾರವೇ ಮಾಡಿ, ಪದಕ ಬಂದ ಮೇಲೆ ಅಲ್ಲ. ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಹಾಗಾಗಿ ಜನವರಿಯಲ್ಲಿ ಇನ್ನೊಮ್ಮೆ ಕೂರಿಸಿ. ಮತ್ತೆ, ನೀವು ಕೋಚ್‌ಗಳೂ ಅಲ್ಲೇ ಕೂರಬೇಕು. ಮಕ್ಕಳು ಏನು ನುಂಗಬೇಕು ಅಂತ ಮೊದಲು ಕೇಳುವುದು ನಿಮ್ಮನ್ನೇ.

ಶನಿವಾರ ಮಧ್ಯಾಹ್ನ ಆದರೆ ನಾನೇ ಬರುತ್ತೇನೆ. ದಿನ ತಿಳಿಸಿ.