ನಡೆದರೆ ಎದೆ ಹಿಡಿಯುತ್ತದೆ, ಟ್ರೋಪೋನಿನ್ ನಾರ್ಮಲ್: ಏನು ಮಾಡೋದು?

ಕೇಳಿದವರು, ಶಹಾಪುರ: ಅಪ್ಪನಿಗೆ 58. ಹೊಲಕ್ಕೆ ನಡೆದು ಹೋಗುವಾಗ ಎದೆ ಬಿಗಿ ಹಿಡಿಯುತ್ತದೆ. ಬದುವಿನ ಮೇಲೆ ಐದು ನಿಮಿಷ ಕೂತರೆ ಬಿಡುತ್ತದೆ. ಒಂದು ತಿಂಗಳಿಂದ ಹೀಗೆ. ಇಸಿಜಿ, ಟ್ರೋಪೋನಿನ್ ಎರಡೂ ನಾರ್ಮಲ್ ಬಂದಿವೆ. "ಎಲ್ಲಾ ಛಲೋ ಅದ, ಗ್ಯಾಸ್ ಅಷ್ಟೇ" ಅಂತ ಅಪ್ಪನ ಹಟ. ಈ ರಿಪೋರ್ಟ್ ನಂಬಬಹುದಾ?

ಕಲಬುರಗಿಯಿಂದ: ನಾನು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಿಪೋರ್ಟ್ ಸರಿಯೇ ಇರಬಹುದು, ಆದರೆ ನೀವು ಕೇಳುವ ಪ್ರಶ್ನೆಗೆ ಅದು ಉತ್ತರ ಅಲ್ಲ. ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿನ ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುತ್ತದೆ. ನಿಮ್ಮ ಕಡೆ ಕಾಲುವೆ ಕೊನೆಯ ಹೊಲ ನೋಡಿದ್ದೀರಲ್ವಾ? ನೀರು ಸಾಲದೆ ಮಧ್ಯಾಹ್ನ ಬೆಳೆ ಬಾಡುತ್ತದೆ, ಸಂಜೆಗೆ ಮತ್ತೆ ಏಳುತ್ತದೆ. ನಡೆಯುವಾಗ ರಕ್ತ ಸಾಲದ ಹೃದಯವೂ ಹಾಗೇ. ಟ್ರೋಪೋನಿನ್ ಎಣಿಸುವುದು ಒಣಗಿದ ಗಿಡಗಳನ್ನು, ಬಾಡಿದ್ದನ್ನಲ್ಲ. ನಡೆದಾಗ ನೋವು ಬಂದು ಕೂತಾಗ ಹೋಗುವವರಲ್ಲಿ ಅದು ನಾರ್ಮಲ್ ಇರುವುದು ಮಾಮೂಲು. ರಕ್ತನಾಳ ಕಿರಿದಾಗಿದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಒಂದು ತಿಂಗಳಿಂದ ಶುರುವಾದದ್ದು ಅಂದರೆ ತಡ ಬೇಡ, ಹೃದಯದ ಡಾಕ್ಟರಿಗೆ ಈ ವಾರವೇ ತೋರಿಸಿ.

ಬೀದರಿನಿಂದ: ನನ್ನ ಕಥೆ ಬೇರೆ. ರಾತ್ರಿ ಹತ್ತಕ್ಕೆ ಎದೆನೋವು, ಹನ್ನೊಂದಕ್ಕೆ ಒಂದು ಕ್ಲಿನಿಕ್‌ನಲ್ಲಿ ರಕ್ತ ಕೊಟ್ಟೆ. ನಾರ್ಮಲ್ ಅಂದರು, ಗ್ಯಾಸ್ ಗುಳಿಗೆ ಕೊಟ್ಟು ಕಳಿಸಿದರು. ಬೆಳಗಿನ ಜಾವ ಎಡಗೈ ಸೆಳೆತ. ಇನ್ನೊಂದು ಕಡೆ ಮತ್ತೆ ಮಾಡಿಸಿದರೆ ಅಂಕಿ ಎಲ್ಲೋ ಮೇಲೆ ಹೋಗಿತ್ತು. ಆಮೇಲೆ ಸ್ಟೆಂಟ್. ನೋವು ಶುರುವಾದ ಗಂಟೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಲಬುರಗಿಯಿಂದ: ಹೌದು, ಟ್ರೋಪೋನಿನ್ ಏರಲು ಸಾಮಾನ್ಯವಾಗಿ 3-4 ಗಂಟೆ ಬೇಕು. ಹೈ-ಸೆನ್ಸಿಟಿವ್ ಟೆಸ್ಟ್ ಬೇಗ ಹಿಡಿಯುತ್ತದೆ, ಆದರೂ ಎರಡನೇ ಸ್ಯಾಂಪಲ್ ತೆಗೆಯುತ್ತಾರೆ. ಏರಿದರೆ ಒಂದು ವಾರಕ್ಕೂ ಜಾಸ್ತಿ ಉಳಿಯಬಹುದು. ಹೃದಯದ ಪೆಟ್ಟಿಗೇ ನೋಡುವ ಇನ್ನೊಂದು ರಕ್ತ ಪರೀಕ್ಷೆ ಸಿಕೆ-ಎಂಬಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಯಾದಗಿರಿಯಿಂದ: ಉಲ್ಟಾನೂ ಆಗುತ್ತದೆ. ಅಮ್ಮನಿಗೆ ಕಿಡ್ನಿ ತೊಂದರೆ. ಟ್ರೋಪೋನಿನ್ ಸ್ವಲ್ಪ ಜಾಸ್ತಿ ಬಂದು ಮನೆಯವರೆಲ್ಲಾ ಅತ್ತದ್ದೇ ಅತ್ತದ್ದು. ಡಾಕ್ಟರು ಕೆಲವು ಗಂಟೆ ಬಿಟ್ಟು ಮತ್ತೆ ನೋಡಿದರು, ಅಷ್ಟೇ ಇತ್ತು. ಒಂದೇ ಅಂಕಿ ಅಲ್ಲ, ಏರಿಳಿತ ಮುಖ್ಯ ಅಂದರು.

ಸೇಡಂನಿಂದ: ಹಾಗಾದರೆ ಹೃದಯಕ್ಕೆ ರಕ್ತ ಕಡಿಮೆ ಆಗುವುದನ್ನೇ ಹಿಡಿಯುವ ಟೆಸ್ಟ್ ಇಲ್ವಾ?

ಕಲಬುರಗಿಯಿಂದ: ಇಸ್ಕೀಮಿಯಾ ಮಾಡಿಫೈಡ್ ಅಲ್ಬುಮಿನ್ ಅಂತ ಒಂದಿದೆ. ರಕ್ತ ಸಾಲದಾದಾಗ ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನಿಗೆ ಕೋಬಾಲ್ಟ್ ಲೋಹ ಹಿಡಿಯುವ ಶಕ್ತಿ ಕುಗ್ಗುತ್ತದೆ, ಅದನ್ನು ಅಳೆಯುತ್ತಾರೆ. ಈ ಟೆಸ್ಟಿನ ಅಂಕಿ ನಿಮಿಷಗಳಲ್ಲೇ ಏರುತ್ತದೆ. ಆದರೆ ಲಿವರ್ ಕಾಯಿಲೆಯಲ್ಲೂ ಏರುತ್ತದೆ, ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ. ನನ್ನ ಕೆಲಸದಲ್ಲಿ ಯಾರೂ ಅದನ್ನು ಬರೆದು ಕಳಿಸಿದ್ದು ನೋಡಿಲ್ಲ. ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ನೋಡುವುದು), ಎಕೋ (ಹೃದಯದ ಸ್ಕ್ಯಾನ್), ಬೇಕಾದರೆ ಆಂಜಿಯೋಗ್ರಾಂ (ರಕ್ತನಾಳದ ಚಿತ್ರ), ದಾರಿ ಅದೇ.

ಕೇಳಿದವರು: ಸೋಮವಾರ ಕಲಬುರಗಿ ಜಯದೇವ ಹೃದಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಅಪ್ಪ ಒಪ್ಪಿದರು, ಅದೂ ಕಾಲುವೆ ಮಾತು ಓದಿ ಹೇಳಿದ ಮೇಲೆ.

ಬೀದರಿನಿಂದ: ಅಷ್ಟರೊಳಗೆ ಕೂತಾಗಲೂ ನೋವು ಬಂದರೆ ಸೋಮವಾರ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ತಾಲೂಕು ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿಸಿ. ಹಳೆ ಇಸಿಜಿ ಕೈಯಲ್ಲಿರಲಿ. ಇನ್ನೊಂದು, ಟಿಎಂಟಿ ಬರೆದರೆ ಧೋತ್ರ ಬೇಡ. ಓಡುವ ಪಟ್ಟಿಯ ಮೇಲೆ ಕಾಲಿಗೆ ಸಿಕ್ಕುತ್ತದೆ, ಪ್ಯಾಂಟ್ ಹಾಕಿಸಿ.